ನಡುವಿನ ಪೆಟ್ಟಿಗೆ ತೆಗೆದ ಮೇಲೆ

ನಮ್ಮ ದೊಡ್ಡಪ್ಪನನ್ನು ಬೀದಿಯವರು ಕರೆಯುತ್ತಿದ್ದುದು ಕಿವಿಯಣ್ಣ ಎಂದು. ಸ್ಪೀಕರ್ ರಿಪೇರಿಯಲ್ಲಿ ಅವರ ಕಿವಿ ಹೇಳಿದ್ದೇ ಕೊನೆಯ ಮಾತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಸ್ತಿಲು ದಾಟಿದರೆ ಅಂಟಿನ ವಾಸನೆ, ಮೊಳೆಗಳಿಗೆ ನೇತುಹಾಕಿದ ಬರಿಯ ಚೌಕಟ್ಟುಗಳು, ಒಂದರೊಳಗೊಂದು ಕೂರಿಸಿಟ್ಟ ಕಾಗದದ ಕೋನ್‌ಗಳು. ಹರಿದ ಕೋನ್ ಕಿತ್ತು ಹೊಸದನ್ನು ಅಂಟಿಸುವುದು ದೊಡ್ಡಪ್ಪನ ಕೆಲಸ. ಕೋನಿನ ಬುಡದಲ್ಲಿ, ಅಯಸ್ಕಾಂತದ ಸಂದಿಯೊಳಗೆ ಆಡುವ ತಾಮ್ರದ ಕಾಯಿಲ್ ಸುತ್ತುವುದು ದೊಡ್ಡಮ್ಮನ ಕೆಲಸ. ಅವರ ಮೇಜು ಕಿಟಕಿಯ ಪಕ್ಕ. ಕೂದಲಿನಂಥ ತಂತಿಯನ್ನು ಎಳೆಯ ಪಕ್ಕ ಎಳೆ ಕೂರುವಂತೆ ಸುತ್ತುವಾಗ ಅವರು ಉಸಿರನ್ನು ನಿಧಾನವಾಗಿ, ಹಲ್ಲಿನ ನಡುವಿನಿಂದ ಬಿಡುತ್ತಿದ್ದರು. ಮುಂದಿನ ಎರಡು ಹಲ್ಲುಗಳ ನಡುವೆ ಅವರಿಗೆ ಸಂದಿಯಿತ್ತು. ಆ ಸಂದಿಯಿಂದ ಸಣ್ಣ ಸೀಟಿ ಹೊರಡುತ್ತಿತ್ತು. ರಾಗವಿಲ್ಲ, ತಾಳವಿಲ್ಲ. ಸೂಜಿಯಷ್ಟು ತೆಳುವಾದ, ಒಂದೇ ಎತ್ತರದ ಸೀಟಿ.

ಆ ಸೀಟಿಯೇ ದೊಡ್ಡಪ್ಪನನ್ನು ದೊಡ್ಡಮ್ಮನಿಗೆ ಕಟ್ಟಿಹಾಕಿದ್ದು. ಹುಡುಗನಾಗಿದ್ದಾಗ ಅವರು ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವರ ಹತ್ತಿರ ಕೆಲಸಕ್ಕಿದ್ದರು. ಕಂಬಕ್ಕೆ ಕಟ್ಟಿದ ಹಾರ್ನ್ ಕೆಳಗೇ ದಿನವಿಡೀ ಕೂರುವುದು, ಆಯಾಸವಾದರೆ ಅದರ ಬುಡದಲ್ಲೇ ನಿದ್ದೆ ಹೊಡೆಯುವುದು. ಆಮೇಲೆ ಸ್ಪೀಕರ್ ಕಟ್ಟುವುದನ್ನು ಕಲಿಯಲು ದೊಡ್ಡಮ್ಮನ ಅಪ್ಪನ ಅಂಗಡಿಗೆ ಬಂದರು. ಕಾಯಿಲ್ ಸುತ್ತುವ ಮಗಳು ಒಳಗಿನ ಕೋಣೆಯಲ್ಲಿ ಇರುತ್ತಿದ್ದಳು.

"ಮುಖ ನೋಡೋಕೆ ಮುಂಚೆ ಸೀಟಿ ಕೇಳಿದ್ದೆ ಕಣೆ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಇಷ್ಟು ಸಣ್ಣ ಸದ್ದು ಮಾಡೋರು ನೋಡೋಕೂ ಸಣ್ಣಗಿರ್ತಾರೆ ಅಂದುಕೊಂಡಿದ್ದೆ. ಮೋಸ ಹೋದೆ."

"ಮೋಸ ಹೋದೋರು ಇನ್ನೂ ಇಲ್ಲೇ ಯಾಕೆ ಕೂತಿದ್ದೀರಿ? ಬಾಗಿಲು ತೆಗೆದೇ ಇದೆ," ಎಂದು ಕಿಟಕಿಯ ಕಡೆಯಿಂದ ಉತ್ತರ ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ನಮ್ಮಜ್ಜಿ, ಹೆಣ್ಣುಮಗಳು ಸೀಟಿ ಹಾಕುವುದೇ ಎಂದು ಸಿಡುಕಿದರಂತೆ. ಅವಳಲ್ಲ ಅಮ್ಮ, ದೂರದಲ್ಲಿ ಎಲ್ಲೋ ರೈಲು ಹೊರಟಿದ್ದು ಎಂದರಂತೆ ದೊಡ್ಡಪ್ಪ. ಆ ಊರಿಗೆ ಆಗ ರೈಲೇ ಇರಲಿಲ್ಲ. ಅಜ್ಜಿ ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು, ನಗು ತಡೆದುಕೊಂಡು ಒಳಗೆ ಹೋದರು. ಅಂದಿನಿಂದ ಕಿಟಕಿಯ ಕಡೆ ಸೀಟಿ ಶುರುವಾದರೆ ದೊಡ್ಡಪ್ಪ ಕೋನಿನಿಂದ ತಲೆ ಎತ್ತದೆ "ರೈಲು ಹೊರಟಿತಾ?" ಎನ್ನುವುದು, ದೊಡ್ಡಮ್ಮ "ಹೊರಟಿತು" ಎನ್ನುವುದು. ಸೀಟಿ ಥಟ್ಟನೆ ನಿಂತರೆ ತಂತಿ ತುಂಡಾಗಿದೆ ಎಂದರ್ಥ. ಆಗ "ಹಳಿ ತಪ್ಪಿತಾ?" ಎಂದರೆ ದೊಡ್ಡಮ್ಮ ಬಾಯಿ ಮುಚ್ಚಿಕೊಂಡು ಕೆಲಸ ನೋಡುವಂತೆ ಹೇಳುತ್ತಿದ್ದರು. ನಾನು ಮಗುವಾಗಿದ್ದಾಗ, ಗಂಡ ಹೆಂಡತಿ ಎಂದರೆ ಹೀಗೆ ಮಾತಾಡಿಕೊಳ್ಳುವವರು ಎಂದೇ ತಿಳಿದಿದ್ದೆ.

ಕಟ್ಟಿ ಮುಗಿಸಿದ ಸ್ಪೀಕರಿಗೆ ಅಂಗಡಿಯಲ್ಲಿ ಒಂದು ಪರೀಕ್ಷೆಯಿತ್ತು. ಬಹಳ ತಗ್ಗಿನ ಗುಂಯ್ ಎಂಬ ಸದ್ದಿನಿಂದ ಶುರುಮಾಡಿ, ಸ್ವರವನ್ನು ನಿಧಾನವಾಗಿ ಏರಿಸುತ್ತ ಹೋಗುವುದು. ಅದಕ್ಕೆ ಏಣಿ ಹತ್ತಿಸುವುದು ಎಂದು ಹೆಸರು. ಕಾಯಿಲ್ ಎಲ್ಲಾದರೂ ಕೂದಲೆಳೆಯಷ್ಟು ಓರೆಯಾಗಿ ಅಯಸ್ಕಾಂತಕ್ಕೆ ಉಜ್ಜುತ್ತಿದ್ದರೆ, ಏರುವ ಸ್ವರದ ಮೇಲೆ ಒಂದು ಜಾಗದಲ್ಲಿ ಒಣ ಎಲೆ ಕೆರೆದಂಥ ಸಣ್ಣ ಕರಕರ ಕೇಳಿಸುತ್ತದೆ. ಅದನ್ನು ಹಿಡಿಯಲು ಗಂಡ ಹೆಂಡತಿ ಎರಡು ಸ್ಟೂಲುಗಳ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಒಂದು ಕೈ ಎತ್ತಿ ಕೂರುತ್ತಿದ್ದರು. ಕರಕರ ಕೇಳಿಸಿದವರು ಕೈ ಇಳಿಸಬೇಕು. ಏಣಿ ಮುಗಿಯುವವರೆಗೆ ಯಾರೂ ಹಿಂದೆ ತಿರುಗಬಾರದು. ಈ ಕಟ್ಟಳೆ ದೊಡ್ಡಪ್ಪನದು. "ಒಬ್ಬರ ಕೈ ಇನ್ನೊಬ್ಬರಿಗೆ ಕಂಡ್ರೆ ಕಿವಿ ಕೆಲಸ ಮಾಡೋದು ನಿಲ್ಲಿಸುತ್ತೆ. ಕಣ್ಣು ನಕಲು ಹೊಡೆಯುತ್ತೆ," ಎನ್ನುತ್ತಿದ್ದರು. ಸ್ಪೀಕರ್ ಕೊಟ್ಟುಹೋದವರು ಬಂದರೂ, ಅವರಿಬ್ಬರೂ ಮೇಷ್ಟ್ರಿಗೆ ಉತ್ತರ ಹೇಳಲು ಕೈ ಎತ್ತಿದ ಮಕ್ಕಳಂತೆ ಕೂತೇ ಇರುತ್ತಿದ್ದರು. ಬಂದವರು ಬಾಗಿಲಲ್ಲೇ ನಿಂತು ಕಾಯುತ್ತಿದ್ದರು.

ಒಳಕೋಣೆಯಲ್ಲಿ ದೊಡ್ಡಪ್ಪನ ಸ್ವಂತದ ಸಂಗೀತ ವ್ಯವಸ್ಥೆ ಇತ್ತು. ಇಬ್ಬರೂ ಸೇರಿ ಕಟ್ಟಿದ ಎರಡು ಎತ್ತರದ ಸ್ಪೀಕರ್ ಪೆಟ್ಟಿಗೆಗಳು, ಒಂದು ಡಿಸ್ಕ್ ಪ್ಲೇಯರ್, ಸ್ಪೀಕರಿಗೆ ಬಲ ಕೊಡುವ ಭಾರದ ಪವರ್ ಆಂಪ್ಲಿಫೈಯರ್. ಪ್ಲೇಯರಿಗೂ ಅದಕ್ಕೂ ನಡುವೆ ದೊಡ್ಡಪ್ಪ ತಮ್ಮ ಪ್ರಾಯದಲ್ಲಿ ಕೈಯಾರೆ ಮಾಡಿದ ಪ್ರೀಆಂಪ್ಲಿಫೈಯರ್. ಮನೆಯಲ್ಲಿ ಅದನ್ನು ನಡುವಿನ ಪೆಟ್ಟಿಗೆ ಎನ್ನುತ್ತಿದ್ದರು. ಸದ್ದು ಹೆಚ್ಚು ಕಡಿಮೆ ಮಾಡುವ ದೊಡ್ಡ ಗುಂಡಿ ಅದಕ್ಕಿತ್ತು. ಗುಂಡಿಯ ಸುತ್ತ ಬರೆದಿದ್ದ ಅಂಕಿಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಗುಂಡಿ ಎಲ್ಲಿಗೆ ತಿರುಗಿದೆ ಎಂದು ಯಾರೂ ಹೇಳುವಂತಿರಲಿಲ್ಲ.

ಆ ವ್ಯವಸ್ಥೆಯ ಸದ್ದು ಮಂಕಾಗಿದೆ ಎಂದು ದೊಡ್ಡಪ್ಪ ರಗಳೆ ತೆಗೆದದ್ದು ಅರವತ್ತು ದಾಟಿದ ಮೇಲೆ. "ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ," ಎನ್ನುತ್ತಿದ್ದರು. ಕಿಟಕಿಯ ಪರದೆಗಳನ್ನು ತೆಗೆಸಿದರು. ಬಟ್ಟೆಯ ಕಪಾಟನ್ನು ಬೇರೆ ಕೋಣೆಗೆ ತಳ್ಳಿದರು. ವೈರ್ ಬದಲಾಯಿಸಿದರು, ಎತ್ತರದ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರ್‌ಗಳನ್ನು ಬಿಚ್ಚಿ ಮತ್ತೆ ಕಟ್ಟಿದರು. ಸೀಲಿಂಗ್ ಫ್ಯಾನನ್ನು ಬೈದರು. ಕಂಬಳಿ ಸರಿಯಲಿಲ್ಲ.

"ನನಗೇನೂ ಹಾಗೆ ಅನ್ನಿಸ್ತಿಲ್ಲ ರೀ," ಎಂದರೆ ದೊಡ್ಡಮ್ಮನಿಗೆ ಮಂಗಳಾರತಿ. "ನಿನಗೆಲ್ಲಿ ಅನ್ನಿಸುತ್ತೆ? ಅಂಟಿನ ವಾಸನೆಗೆ ಕಿವಿಗೂ ತುಕ್ಕು ಹಿಡಿದಿದೆ."

ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ದೊಡ್ಡಪ್ಪ ನನಗೆ ಮೀಟರ್ ಮೇಡಂ ಎಂದು ಹೆಸರಿಟ್ಟಿದ್ದರು. ಒಂದು ರಜೆಯ ಬೆಳಿಗ್ಗೆ ಹೇಳಿ ಕಳಿಸಿದರು. ಹೋದಾಗ ಒಳಕೋಣೆಯಲ್ಲಿ ನೆಲದ ಮೇಲೆ ಕೂತು, ಮುಚ್ಚಳ ಬಿಚ್ಚಿದ ನಡುವಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಎಲ್ಲಾ ನೋಡಾಯ್ತು ಮೀಟರ್ ಮೇಡಂ. ಉಳಿದಿರೋದು ಇದೊಂದೇ. ನಾನೇ ಹೆತ್ತಿದ್ದು, ಅದಕ್ಕೇ ಇಷ್ಟು ದಿನ ಅನುಮಾನ ಪಡಲಿಲ್ಲ."

"ಇದರ ಕೆಲಸ ಎರಡೇ ಅಲ್ವಾ ದೊಡ್ಡಪ್ಪ? ಯಾವ ಯಂತ್ರದಿಂದ ಹಾಡು ಬರಬೇಕು ಅಂತ ಆರಿಸೋದು, ಎಷ್ಟು ಜೋರಾಗಿ ಬರಬೇಕು ಅಂತ ತಿರುಗಿಸೋದು."

"ಹೂಂ."

"ನಿಮ್ಮ ಹತ್ತಿರ ಇರೋದೇ ಒಂದು ಪ್ಲೇಯರ್. ಆರಿಸೋಕೆ ಏನಿದೆ? ಜೋರು ಮಾಡೋದನ್ನ ಡ್ಯಾಕೇ ಮಾಡುತ್ತೆ. ಇದನ್ನ ಪಕ್ಕಕ್ಕಿಟ್ಟು ನೋಡಬಹುದು."

ಡ್ಯಾಕ್ ಏನೆಂದು ವಿವರಿಸಿದೆ. ಡಿಸ್ಕಿನಲ್ಲೂ ಕಂಪ್ಯೂಟರಿನಲ್ಲೂ ಹಾಡು ಬರಿಯ ಅಂಕಿಗಳಾಗಿರುತ್ತದೆ. ಅಂಕಿಗಳನ್ನು ಏರಿಳಿಯುವ ವಿದ್ಯುತ್ತಾಗಿ ಬದಲಿಸಿದರೆ ತಾನೇ ಕೋನ್ ಅಲುಗುವುದು? ಆ ಬದಲಾವಣೆ ಮಾಡುವ ಪೆಟ್ಟಿಗೆಯೇ ಡ್ಯಾಕ್. ಅವರ ಪ್ಲೇಯರಿನೊಳಗೂ ಒಂದು ಚಿಕ್ಕದು ಇದೆ. ನನ್ನ ಬಳಿ ಇದ್ದದ್ದಕ್ಕೆ ಸದ್ದಿನ ಗುಂಡಿಯೂ ಇತ್ತು. ಅದನ್ನು ನೇರವಾಗಿ ಪವರ್ ಆಂಪ್ಲಿಫೈಯರಿಗೆ ಜೋಡಿಸಿದರೆ ಹಾಡಿನ ದಾರಿಯಲ್ಲಿ ಒಂದು ಪೆಟ್ಟಿಗೆ, ಒಂದು ಜೊತೆ ವೈರ್, ಸವೆದ ಒಂದು ಗುಂಡಿ ಕಡಿಮೆಯಾಗುತ್ತವೆ.

ದೊಡ್ಡಪ್ಪ ಯೋಚಿಸಿದರು. "ಬಾಗಿಲಲ್ಲಿ ತಡೆಯೋಕೆ ಇದಿಲ್ಲ ಅಂದ್ರೆ, ಡ್ಯಾಕು ಪೂರ್ತಿ ಬಲ ಬಿಟ್ಟ ದಿನ ಟ್ವೀಟರ್ ಹೊಗೆಯಾಡುತ್ತಲ್ಲ?"

"ಅದಕ್ಕೆ ಡ್ಯಾಕಿನ ಗುಂಡಿ ಕೆಲಸ ಮಾಡೋ ಹಾಗೆ ಮೊದಲೇ ಹೊಂದಿಸಬೇಕು. ಆಮೇಲೆ ತೀರಾ ಕೆಳಗಿನಿಂದ ಶುರು ಮಾಡಬೇಕು. ಗೊತ್ತಿಲ್ಲದೆ ಸುಟ್ಟುಕೊಂಡೋರು ಬೇಕಾದಷ್ಟು ಜನ ಇದ್ದಾರೆ."

"ಅವರೆಲ್ಲ ನಮ್ಮ ಅಂಗಡಿಗೇ ಬರ್ತಾರೆ ಬಿಡು," ಎಂದು ನಕ್ಕರು.

ಮುಚ್ಚಳ ಹಾಕಿ ಸ್ಕ್ರೂ ಬಿಗಿಸುತ್ತ ದೊಡ್ಡಪ್ಪ ದನಿ ತಗ್ಗಿಸಿದರು. ತಗ್ಗಿಸಿದೆ ಎಂದು ಅವರಿಗೆ ಅನ್ನಿಸಿರಬೇಕು. ನನಗೆ ಮಾಮೂಲಿ ಮಾತಿನಷ್ಟೇ ಕೇಳಿಸಿತು.

"ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು. ನಿಮ್ಮ ದೊಡ್ಡಮ್ಮ ಸೀಟಿ ಹಾಕೋದು ಬಿಟ್ಟುಬಿಟ್ಟಿದ್ದಾಳೆ."

ನಾನು ಅವರ ಮುಖ ನೋಡಿದೆ.

"ಎರಡು ವರ್ಷ ಆಯ್ತೇನೋ. ಮೊದಲು ಅಪರೂಪ ಆಯ್ತು. ಆಮೇಲೆ ಪೂರಾ ನಿಂತೇಹೋಯ್ತು. ನನ್ನಿಂದ ಏನೋ ತಪ್ಪಾಗಿದೆ. ಕೇಳೋಣ ಅಂದ್ರೆ ಬಾಯಿ ಬರಲ್ಲ. ಈ ವಯಸ್ಸಿನಲ್ಲಿ ಹೆಂಡತಿ ಹತ್ತಿರ ಹೋಗಿ, ಸೀಟಿ ಯಾಕೆ ಹಾಕ್ತಿಲ್ಲ ಅಂತ ಕೇಳೋದಾ? ಮಾತು ಆಡ್ತಾಳೆ, ಬಡಿಸ್ತಾಳೆ, ಎಲ್ಲಾ ಸರಿಯೇ. ಆದ್ರೆ ಒಳಗೆ ಖುಷಿ ಇಲ್ಲ. ಖುಷಿ ಇದ್ರೆ ತಾನೇ ಸೀಟಿ ಬರೋದು."

ಮುಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ದೊಡ್ಡಮ್ಮ ಬೆನ್ನು ಬಗ್ಗಿಸಿ ತಂತಿ ಸುತ್ತುತ್ತಿದ್ದರು. ದೊಡ್ಡಪ್ಪ ಆ ಮಾತು ಆಡಿದಷ್ಟು ಹೊತ್ತೂ ಆ ಕೋಣೆಯಿಂದ ಸೂಜಿಯಂಥ ಸೀಟಿ ಬರುತ್ತಲೇ ಇತ್ತು.

ಹೇಳಲು ಬಾಯಿ ತೆರೆದೆ. ಊರಿಗೇ ಕಿವಿಯಣ್ಣ ಆಗಿದ್ದವರಿಗೆ, ನಿಮ್ಮ ಕಿವಿ ಹೋಗಿದೆ ಎಂದು ಯಾವ ಬಾಯಿಂದ ಹೇಳುವುದು? ಹೇಳಿದ್ದರೂ ಅವರು ಮೊದಲು ನಡುವಿನ ಪೆಟ್ಟಿಗೆಯನ್ನೇ ತೋರಿಸುತ್ತಿದ್ದರು. ತಮ್ಮ ಕೈಯಿಂದ ಬಿಚ್ಚಿ ನೋಡದ ಯಾವ ಕಾರಣವನ್ನೂ ಅವರು ನಂಬಿದವರಲ್ಲ.

ಹೊರಡುವಾಗ ದೊಡ್ಡಮ್ಮನ ಪಕ್ಕ ಕೂತೆ. ಸೀಟಿ ನಿಲ್ಲಿಸಿ ಅವರು ತಂತಿಯ ತುದಿಗೆ ಅಂಟು ಸವರಿದರು.

"ಏನಂತಾರೆ ನಿಮ್ಮ ದೊಡ್ಡಪ್ಪ? ಈ ಸಲ ಯಾರ ಮೇಲೆ ಅನುಮಾನ?"

"ನಡುವಿನ ಪೆಟ್ಟಿಗೆ ಮೇಲೆ."

"ಆಗಲಿ. ನನ್ನ ಸರದಿ ಬಂದಿಲ್ಲವಲ್ಲ ಸದ್ಯ." ನಕ್ಕರು, ಆದರೆ ನಗು ಕಣ್ಣಿಗೆ ಏರಲಿಲ್ಲ. "ಅವರಿಗೆ ಈ ಕೆಲಸ ಸಾಕಾಗಿದೆ ಮಗಳೇ. ಏಣಿ ಹತ್ತಿಸೋಕೆ ಕೂತ್ರೆ ನನಗೆ ಕರಕರ ಅಂತ ಕೇಳಿಸಿರುತ್ತೆ, ಇವರು ಎದ್ದು ಸರಿ ಇದೆ ಅಂದುಬಿಡ್ತಾರೆ. ವಾದ ಯಾಕೆ ಅಂತ, ಅವರು ಊಟಕ್ಕೆ ಎದ್ದಾಗ ನಾನೇ ಬಿಚ್ಚಿ ಸರಿ ಮಾಡ್ತೀನಿ. ಮೊದಲು ಹೀಗಿರಲಿಲ್ಲ. ಮನಸ್ಸೇ ಇಲ್ಲ ಈಗ." ತಂತಿಯ ತುದಿಯನ್ನು ಒತ್ತಿ ಹಿಡಿದು ಹೇಳಿದರು: "ರೈಲು ಹೊರಟಿತಾ ಅಂತ ಕೇಳೋದನ್ನೂ ಬಿಟ್ಟಿದ್ದಾರೆ. ನಾನು ಬೇಕೂಂತಲೇ ಜೋರಾಗಿ ಹಾಕ್ತೀನಿ, ತಲೆ ಎತ್ತಲ್ಲ. ಕೆಲಸದ ಹಾಗೆ ನಾನೂ ಸಾಕಾಗಿರಬೇಕು."

ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಕಟ್ಟಳೆಯಿಂದಾಗಿ ಅವರು ದೊಡ್ಡಪ್ಪನ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೆ, ಕರಕರ ಸದ್ದು ಬರುವಾಗಲೂ ಆ ಕೈ ನೆಟ್ಟಗೆ ಎತ್ತಿಯೇ ಇರುವುದು ಕಾಣುತ್ತಿತ್ತು. ಅಸಡ್ಡೆ ಇರುವವನು ಹಾಗೆ ಕೈ ಎತ್ತಿ ಕೂರುವುದಿಲ್ಲ ಎಂದು ತಿಳಿಯುತ್ತಿತ್ತು. ದೊಡ್ಡಪ್ಪನಿಗೇ ಗೊತ್ತಿಲ್ಲದ್ದನ್ನು ಅವರಿಗೆ ಮೊದಲು ಹೇಳಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ರಜೆಗೆ ನನ್ನ ಡ್ಯಾಕನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ದೊಡ್ಡಪ್ಪ ಮುಖ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಹೆಣ್ಣು ನೋಡಲು ಹೊರಟವರ ಹಾಗಿದ್ದೀರಿ ಎಂದು ದೊಡ್ಡಮ್ಮ ಛೇಡಿಸಿದರು. ನಡುವಿನ ಪೆಟ್ಟಿಗೆಯ ಹಿಂದಿನ ವೈರ್‌ಗಳನ್ನು ದೊಡ್ಡಪ್ಪನೇ ಕಿತ್ತರು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನ ಮೇಲಿಟ್ಟು, ಅಂಗಿಯ ತೋಳಿನಿಂದ ಅದರ ಧೂಳು ಒರೆಸಿದರು.

ಡ್ಯಾಕಿನ ಮುಖದಲ್ಲಿ ಅಂಕಿ ಹೊತ್ತಿಕೊಂಡಿತು. ಸೊನ್ನೆ ಎಂದರೆ ಪೂರ್ತಿ ಬಲ, ಸೊನ್ನೆಗಿಂತ ಎಷ್ಟು ಕೆಳಗಿದ್ದೇವೆ ಎಂಬುದನ್ನು ಆ ಅಂಕಿ ತೋರಿಸುತ್ತದೆ ಎಂದೆ.

"ನಮ್ಮ ಕಾಲದಲ್ಲಿ ಸೊನ್ನೆ ಅಂದ್ರೆ ಮೌನ ಆಗಿತ್ತು," ಎಂದರು ದೊಡ್ಡಪ್ಪ. "ನಿಮ್ಮ ಕಾಲದಲ್ಲಿ ಸೊನ್ನೆ ತಗೊಂಡೋರೇ ಎಲ್ಲರಿಗಿಂತ ಮೇಲೆ ಅನ್ನು."

ಅವರಿಗೆ ಬಾಯಿಪಾಠವಾಗಿದ್ದ ಪಿಟೀಲಿನ ಡಿಸ್ಕನ್ನೇ ಹಾಕಿದೆವು. ಕೆಳಗಿನಿಂದ ಶುರುಮಾಡಿದೆ. ದೊಡ್ಡಪ್ಪ ಕಣ್ಣು ಮುಚ್ಚಿದರು. ಇನ್ನಷ್ಟು ಎಂದು ಕೈ ತೋರಿಸಿದರು. ಏರಿಸಿದೆ. ಇನ್ನಷ್ಟು. ನನಗೆ ಕಿವಿ ತುಂಬಿತ್ತು. ದೊಡ್ಡಮ್ಮ ಸೆರಗಿನಿಂದ ಒಂದು ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಸರಿದರು. ದೊಡ್ಡಪ್ಪನಿಗೆ ಎಷ್ಟು ಜೋರು ಬೇಕು ಎಂದು ಅಳಿಸಿಹೋದ ಗುಂಡಿಯ ಕಾಲದಲ್ಲಿ ಯಾರಿಗೂ ಗೊತ್ತಾಗದೆ ಇದ್ದದ್ದು ಈಗ ಅಂಕಿಯಾಗಿ ಹೊಳೆಯುತ್ತಿತ್ತು. ಕಮಾನು ತಂತಿಯನ್ನು ಕಚ್ಚುವ ಸದ್ದೂ, ವಾದಕರು ಉಸಿರೆಳೆದುಕೊಳ್ಳುವುದೂ ಸ್ಫಟಿಕದಂತೆ ಕೇಳಿಸುತ್ತಿದ್ದವು. ದೊಡ್ಡಪ್ಪ ಮುಂದಕ್ಕೆ ಬಾಗಿ, ಯಾರೋ ದೂರದಿಂದ ತಮ್ಮನ್ನು ಕರೆಯುತ್ತಿರಬಹುದೇ ಎಂಬಂತೆ ಕೂತಿದ್ದರು. ಒಂದು ಡಿಸ್ಕ್ ಪೂರ್ತಿ ಹಾಗೇ ಕೇಳಿದರು.

"ಕಂಬಳಿ ಹಾಗೇ ಇದೆ," ಎಂದರು ಕೊನೆಗೆ.

ಆಮೇಲೆ ಎದ್ದು ನಿಂತರು. ಮನೆಯ ಯಜಮಾನರು ಹೋಗಿ ಅಂಗಡಿಯ ಕಿವಿಯಣ್ಣ ಬಂದಿದ್ದರು. "ಹಾಡು ನಂಬಬಾರದು. ಹಾಡು ಗೊತ್ತಿದ್ರೆ ಮನಸ್ಸು ತಾನೇ ತುಂಬಿಕೊಳ್ಳುತ್ತೆ. ಏಣಿ ಹತ್ತಿಸೋಣ. ನಿನ್ನ ಕಂಪ್ಯೂಟರ್ ಟೋನ್ ಕೊಡುತ್ತಾ?"

"ಕೊಡುತ್ತೆ."

"ಹಾಗಾದ್ರೆ ತಳದಿಂದ ತುದಿವರೆಗೂ ಬಿಡು. ಬಲ ಕಡಿಮೆ ಇರಲಿ, ಟ್ವೀಟರ್ ಸುಟ್ಟೀತು. ಎಲ್ಲಿ ಸದ್ದು ಸಾಯುತ್ತೋ ಅಲ್ಲಿ ಈ ಡ್ಯಾಕಿನ ಬಂಡವಾಳ ಗೊತ್ತಾಗುತ್ತೆ. ಲೇ, ಬಾ ಇಲ್ಲಿ. ಸ್ಟೂಲ್ ತಗೊಂಡು ಬಾ."

ಅಂಗಡಿಯಲ್ಲಿ ಏಣಿ ಇಷ್ಟು ಎತ್ತರಕ್ಕೆ ಹೋಗುತ್ತಿರಲಿಲ್ಲ. ಅಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ದೊಡ್ಡ ಕೋನಿನ ಸ್ಪೀಕರ್‌ಗಳು, ಅವು ನಡುವಿನ ಸ್ವರಗಳಲ್ಲೇ ನಿಂತುಬಿಡುತ್ತವೆ. ಆ ಸ್ವರಗಳೆಲ್ಲ ದೊಡ್ಡಪ್ಪನಿಗೆ ಕೇಳಿಸುತ್ತಲೇ ಇದ್ದವು. ಕೇಳಿಸದೆ ಹೋದದ್ದು ಅವುಗಳ ಮೇಲಿನ ಸಣ್ಣ ಕರಕರ ಮಾತ್ರ. ಈ ದಿನ ಏಣಿಯನ್ನು ತುದಿಯವರೆಗೂ ಹತ್ತಬೇಕಿತ್ತು.

ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಕಣ್ಣು ಮುಚ್ಚಿದರು. ಕೈ ಎತ್ತಿದರು. ಈ ಸಲ ಸ್ವರ ಕೇಳಿಸುತ್ತಿರುವಷ್ಟು ಹೊತ್ತು ಕೈ ಮೇಲಿರಬೇಕು, ಕೇಳಿಸುವುದು ನಿಂತಾಗ ಇಳಿಸಬೇಕು ಎಂದರು ದೊಡ್ಡಪ್ಪ. ಇಬ್ಬರ ಕೈಗಳನ್ನೂ ಒಟ್ಟಿಗೆ ನೋಡಬಲ್ಲ ಜಾಗದಲ್ಲಿ ನಾನೊಬ್ಬಳೇ ಇದ್ದೆ.

ನೆಲವನ್ನು ನಡುಗಿಸುವ ಗುಂಗಿನಿಂದ ಸ್ವರ ಎದ್ದಿತು. ಗಂಡಸಿನ ದನಿಯ ಎತ್ತರ ದಾಟಿತು, ಹೆಂಗಸಿನ ದನಿ ದಾಟಿತು, ಮಗುವಿನ ಕಿರಿಚಾಟ ದಾಟಿತು. ಎರಡು ಕೈಗಳೂ ಮೇಲಿದ್ದವು. ಸ್ವರ ತೆಳುವಾಗುತ್ತ, ಮೊನೆಯಾಗುತ್ತ ಹೋಯಿತು. ದೊಡ್ಡಪ್ಪನ ಹುಬ್ಬು ಗಂಟಾಯಿತು. ಕತ್ತು ಸ್ವಲ್ಪ ವಾಲಿತು. ಎತ್ತಿದ ಬೆರಳುಗಳು, ಜಾರಿಹೋಗುವ ದಾರವೊಂದನ್ನು ಹಿಡಿಯುವಂತೆ ಒಂದಕ್ಕೊಂದು ಕೂಡಿಕೊಂಡವು. ಆಮೇಲೆ ಕೈ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು.

ದೊಡ್ಡಮ್ಮನ ಕೈ ಮೇಲೇ ಇತ್ತು. ಸ್ವರ ಈಗ ಅವರದೇ ಸೀಟಿಯ ಎತ್ತರವನ್ನು ಮುಟ್ಟುತ್ತಿತ್ತು.

"ನೋಡಿದ್ಯಾ, ಇಲ್ಲಿಗೇ ಮುಗೀತು," ಎಂದರು ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ. ದನಿಯಲ್ಲಿ ಗೆಲುವಿತ್ತು. "ನಿನ್ನ ಡ್ಯಾಕಿಗೆ ತಲೆಯೇ ಇಲ್ಲ. ಮೇಲಿನದೆಲ್ಲ ಕತ್ತರಿಸಿ ಹಾಕ್ತಿದೆ."

"ಎಲ್ಲಿ ಮುಗೀತು? ಸುಮ್ಮನಿರಿ, ಇನ್ನೂ ಬರ್ತಾ ಇದೆ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಹಿಂದೆ ತಿರುಗಿದರು. ಏಣಿ ಮುಗಿಯುವ ಮೊದಲು ಅವರು ತಿರುಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎತ್ತಿದ ಆ ಕೈಯನ್ನು, ತಂತಿ ಕೊಯ್ದು ಕೊಯ್ದು ಗೆರೆಬಿದ್ದ ಬೆರಳುಗಳನ್ನು ನೋಡುತ್ತ ಕೂತರು. ಆ ಕೈ ಇನ್ನೂ ಎಷ್ಟೋ ಹೊತ್ತು ಇಳಿಯಲಿಲ್ಲ. ಕೊನೆಗೆ ಇಳಿದಾಗ ದೊಡ್ಡಮ್ಮ ಕಣ್ಣು ತೆರೆದು, ಗಂಡ ತಮ್ಮ ಕಡೆಗೆ ತಿರುಗಿರುವುದನ್ನು ಕಂಡು ಗಲಿಬಿಲಿಗೊಂಡರು.

"ನಿನಗೂ ಕೇಳಿಸ್ತಾ?" ದೊಡ್ಡಪ್ಪ ನನ್ನನ್ನು ಕೇಳಿದರು.

"ಕೇಳಿಸ್ತು ದೊಡ್ಡಪ್ಪ."

"ಇವಳು ಕೈ ಇಳಿಸೋವರೆಗೂ?"

"ಅದಕ್ಕಿಂತ ಆಚೆಗೂ. ಈಗಲೂ ಕೇಳಿಸ್ತಿದೆ."

ಅವರು ಸ್ಪೀಕರಿನ ಹತ್ತಿರ ಹೋಗಿ ಟ್ವೀಟರಿನ ಮುಂದೆ ಅಂಗೈ ಹಿಡಿದರು. ಅಲ್ಲಿ ಏನೂ ತಾಗುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಹಿಡಿದರು. ಆಮೇಲೆ ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿದರು.

"ಪಾಪ, ಇದರ ಮೇಲೆ ಗೂಬೆ ಕೂರಿಸಿದೆ," ಎಂದರು. "ನಡುವೆ ಇನ್ನೇನೂ ಉಳಿದಿಲ್ಲ ಅಲ್ವಾ ಮೀಟರ್ ಮೇಡಂ?"

ನಾನು ಟೋನ್ ನಿಲ್ಲಿಸಿದೆ.

ಆಮೇಲೆ ದೊಡ್ಡಪ್ಪ ಕೇಳಿದ್ದು ತಮ್ಮ ಕಿವಿಯ ಬಗ್ಗೆ ಅಲ್ಲ, ಕೆಲಸದ ಬಗ್ಗೆಯೂ ಅಲ್ಲ.

"ಲೇ, ನೀನು ಈಗಲೂ ಸೀಟಿ ಹಾಕ್ತೀಯಾ?"

"ಇದೆಂಥ ಪ್ರಶ್ನೆ? ಯಾವತ್ತು ಬಿಟ್ಟಿದ್ದೆ?"

"ಬಿಟ್ಟಿರಲಿಲ್ವಾ?"

"ಇಲ್ಲಪ್ಪ. ಇವತ್ತು ಬೆಳಿಗ್ಗೆ ಕೂಡ..." ಎಂದವರು ಅಲ್ಲಿಗೇ ನಿಂತರು. ಅವರ ಮುಖದಲ್ಲಿ ಒಂದೊಂದೇ ಹಳೆಯ ದಿನ ತಿರುವಿಹೋಗುವುದು ಕಾಣುತ್ತಿತ್ತು. ಸರಿ ಇದೆ ಎಂದು ಎದ್ದುಹೋದ ಗಂಡ, ತಲೆ ಎತ್ತದ ಗಂಡ, ರೈಲಿನ ಮಾತನ್ನು ಮರೆತ ಗಂಡ.

"ನಾನು ಅಂದುಕೊಂಡೆ..." ಎಂದರು ದೊಡ್ಡಪ್ಪ.

"ನಾನೂ ಅಂದುಕೊಂಡೆ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಸ್ಟೂಲನ್ನು ಈ ಕಡೆ ತಿರುಗಿಸಿ, ಹೆಂಡತಿಗೆ ಮುಖ ಕೊಟ್ಟು ಕೂತರು. "ಒಂದ್ಸಲ ಹಾಕು ನೋಡೋಣ."

ದೊಡ್ಡಮ್ಮ ಹಾಕಲು ನೋಡಿದರು. ತುಟಿ ಅದುರಿತು, ಉಸಿರು ಮುರಿದು ಬಂತು. ಕೈಯಲ್ಲಿ ತಂತಿ ಇಲ್ಲದೆ ಬರುವುದಿಲ್ಲ ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಪ್ರಯತ್ನಿಸಿದರು. ಈ ಸಲ ಬಂತು, ಅದೇ ತೆಳು ಸೀಟಿ. ದೊಡ್ಡಪ್ಪ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಆಮೇಲೆ ಹಿಂದಕ್ಕೆ ಸರಿದು ಅವರ ತುಟಿಯ ಮುಂದೆ ಬೆರಳು ಹಿಡಿದರು.

"ಗಾಳಿ ಬರ್ತಿದೆ," ಎಂದರು.

ನಾನು ವೈರ್ ಸುತ್ತಿಡುವ ನೆಪ ಮಾಡಿಕೊಂಡು ಮುಂದಿನ ಕೋಣೆಗೆ ಹೋದೆ.

ಕಿವಿ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂತು ಸದ್ದು ಕೇಳಿಸಿದಾಗ ಕೈ ಎತ್ತಿ ಎಂದು ಪರೀಕ್ಷೆ ಮಾಡುವಾಕೆ ಹೇಳಿದಾಗ ದೊಡ್ಡಪ್ಪ ನನ್ನ ಕಡೆ ನೋಡಿ ಸಣ್ಣದಾಗಿ ನಕ್ಕರು. ಎಷ್ಟೋ ವರ್ಷಗಳ ಹಾರ್ನ್ ಸದ್ದಿಗೆ ಒಳಗಿವಿ ಹಾಳಾಗಿದೆ, ಎತ್ತರದ ಸ್ವರಗಳು ಇನ್ನು ತಾವಾಗಿ ಮರಳುವುದಿಲ್ಲ, ಕಿವಿಗೆ ಯಂತ್ರ ಹಾಕಿದರೆ ಮಾತು ತಿಳಿಯಾಗುತ್ತದೆ, ಮೇಲಿನದೂ ತುಸು ಸಿಗಬಹುದು ಎಂದು ಆಕೆ ವಿವರಿಸಿದರು. ಯಂತ್ರ ಹಾಕಿಸಿಕೊಂಡು ಮನೆಗೆ ಬಂದವರೇ ದೊಡ್ಡಪ್ಪ ಕಿಟಕಿಯ ಹತ್ತಿರ ಹೋಗಿ ನಿಂತರು. ಪಾತ್ರೆಯ ಸದ್ದು ಕೇಳಿಸಿತು. ಕಾಗದ ಮಡಚುವ ಸದ್ದು ಕೇಳಿಸಿತು. ದೊಡ್ಡಮ್ಮ ತಂತಿ ಹಿಡಿದು ಸೀಟಿ ಹಾಕಿದರು. ಶುರುವಾದ ಕ್ಷಣದಲ್ಲಿ ದೊಡ್ಡಪ್ಪನ ಮುಖ ಅರಳಿತು. ಮರುಕ್ಷಣವೇ ಆರಿತು.

"ಬಂತು. ಹೋಯ್ತು. ಯಾಕೆ ನಿಲ್ಲಿಸಿದೆ?"

"ನಿಲ್ಲಿಸಿಲ್ಲ ರೀ."

ಮತ್ತೆ ಪರೀಕ್ಷೆಯಾಕೆಯ ಬಳಿ ಹೋದೆವು. ಕಿವಿಯಲ್ಲಿ ಹೊರಟ ಸದ್ದು ಸೋರಿ ಯಂತ್ರದ ಮೈಕಿಗೇ ಮರಳಿದರೆ ಯಂತ್ರ ಕೂಗತೊಡಗುತ್ತದೆ. ಸಭೆಗಳಲ್ಲಿ ಮೈಕು ಕೂಗುವಂತೆಯೇ. ಅದನ್ನು ತಡೆಯಲು, ಒಂದೇ ಎತ್ತರದ ಸಣ್ಣ ಸೀಟಿ ಕೇಳಿಬಂದರೆ ಯಂತ್ರ ತಾನೇ ಅದನ್ನು ಅಳಿಸಿಹಾಕುತ್ತದೆ. ಹೊರಗಿನ ಸೀಟಿಯೋ ತನ್ನದೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ದೊಡ್ಡಪ್ಪನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಹಾರ್ನ್ ಕೆಳಗೆ ಕೂತವರಿಗೆ ಮೈಕಿನ ಕೂಗಿಗಿಂತ ಪರಿಚಿತವಾದದ್ದು ಯಾವುದಿದೆ?

"ಆ ಅಳಿಸೋದನ್ನ ನಿಲ್ಲಿಸಿಬಿಡಿ," ಎಂದರು.

"ನಿಲ್ಲಿಸಬಹುದು ಸಾರ್. ಆದ್ರೆ ಆಗಾಗ ಯಂತ್ರವೇ ಸೀಟಿ ಹಾಕುತ್ತೆ. ನಿಮಗೆ ಹಿಂಸೆ."

"ಹಾಕಲಿ."

ಡ್ಯಾಕನ್ನು ನಾನು ವಾಪಸ್ ತರಲಿಲ್ಲ. "ಅವಳಿಗೆ ಚೆನ್ನಾಗಿ ಕೇಳಿಸುತ್ತಲ್ಲ, ಇರಲಿ," ಎಂದರು ದೊಡ್ಡಪ್ಪ. ತಾವು ಕೂರುತ್ತಿದ್ದ ಕುರ್ಚಿಯಲ್ಲಿ ದೊಡ್ಡಮ್ಮನನ್ನು ಕೂರಿಸಿ, ಪಕ್ಕದ ಸ್ಟೂಲಿನಲ್ಲಿ ಕೂತು, ಸದ್ದಿನ ಅಂಕಿಯನ್ನು ಅವರಿಗೆ ಹಿತವಾಗುವಷ್ಟಕ್ಕೇ ಇಡುತ್ತಾರೆ. ಕಮಾನಿನ ಸದ್ದು ಕೇಳಿಸಿತಾ, ಈಗ ಉಸಿರೆಳೆದುಕೊಂಡರಾ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಅಂಗಡಿಯಲ್ಲಿ ಏಣಿ ಹತ್ತಿಸುವಾಗ ಒಂದೇ ಸ್ಟೂಲ್ ಇರುತ್ತದೆ. ಬೀದಿಯವರು ಮಾತ್ರ ಕಿವಿಯಣ್ಣ ಎಂದೇ ಕರೆಯುತ್ತಾರೆ. ಬೇಡವೆನ್ನಲು ಅವರಿಗೆ ಮನಸ್ಸು ಬಂದಿಲ್ಲ.

ಹೋದ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ದೊಡ್ಡಪ್ಪ ಚೌಕಟ್ಟಿನ ಅಂಚಿಗೆ ಅಂಟು ಹಚ್ಚುತ್ತಿದ್ದರು. ದೊಡ್ಡಮ್ಮ ಅಂದು ಕಾಯಿಲ್ ಸುತ್ತುತ್ತಿರಲಿಲ್ಲ. ಸೊಂಟನೋವೆಂದು ಗೋಡೆಗೆ ಒರಗಿ, ಟೀ ಲೋಟ ಹಿಡಿದು ಸುಮ್ಮನೆ ಕೂತಿದ್ದರು. ಕೋಣೆ ನಿಶ್ಶಬ್ದವಾಗಿತ್ತು. ಇದ್ದಕ್ಕಿದ್ದಂತೆ ದೊಡ್ಡಪ್ಪನ ಕಿವಿಯ ಯಂತ್ರ ಸಣ್ಣಗೆ ಕೂಗತೊಡಗಿತು.

ಅವರ ಕೈ ನಿಂತಿತು. ಮುಖ ಹಗುರಾಯಿತು. ಕೋನಿನಿಂದ ತಲೆ ಎತ್ತದೆಯೇ ಕೇಳಿದರು:

"ರೈಲು ಹೊರಟಿತಾ?"

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು.

"ಹೊರಟಿತು ರೀ," ಎಂದರು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.